ಬರೋಡಾದಲ್ಲಿ ಇಳಿಯದ ದಿನ

ನಾಲ್ಕು ಕಟ್ಟು ಕಾರ್ಡುಗಳಿಂದ ಒಂದೊಂದನ್ನು ಎತ್ತುವ ಆಟಕ್ಕೆ ನನ್ನ ಸಹಿ ಮೂರು ಕಡೆ ಬೇಕಾಯಿತು. ಕಾಗದ ಓದಿ ಹೇಳಿದರು, ಅರ್ಥವಾಯಿತೇ ಎಂದು ಕೇಳಿದರು, ಬೇಡವೆನ್ನಿಸಿದರೆ ನಡುವೆಯೇ ಎದ್ದು ಹೋಗಬಹುದು ಎಂದರು. ಅದಾದ ಒಂದು ತಿಂಗಳೊಳಗೆ ನನ್ನ ಗರ್ಭಕೋಶ ತೆಗೆಸುವ ಕಾಗದಕ್ಕೆ ನಮ್ಮ ಯಜಮಾನರ ಸಹಿಯೊಂದೇ ಸಾಕಾಯಿತು. ಊಟದ ಟೇಬಲ್ಲಿನ ಮೇಲೆ, ಉಪ್ಪಿನಕಾಯಿ ಬಟ್ಟಲನ್ನು ಅತ್ತ ಸರಿಸಿ, ಸಹಿ ಮಾಡಿದರು. ನಾನು ಒಳಗೆ ಚಪಾತಿ ಲಟ್ಟಿಸುತ್ತಿದ್ದೆ.

ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತವೆ. ಪೂಜೆ ಮಾಡುವ ಹೆಂಗಸು ಸಿಟ್ಟು ಇಟ್ಟುಕೊಳ್ಳಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಅವ್ವ ತೀರಿಕೊಂಡು ಬಹಳ ವರ್ಷವಾಯಿತು. ಸಿಟ್ಟು ಇನ್ನೂ ಇದೆ. ದೇವರು ನೋಡುತ್ತಿದ್ದರೆ ನೋಡಲಿ, ಅವನಿಂದ ಮುಚ್ಚಿಟ್ಟು ಏನಾಗಬೇಕು.

ನಾವು ಗದಗಿನ ಕಡೆಯವರು. ತೊಂಬತ್ತರ ದಶಕದಲ್ಲಿ ಅಹಮದಾಬಾದಿನಲ್ಲಿದ್ದೆವು, ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯ ಕ್ವಾರ್ಟರ್ಸಿನಲ್ಲಿ. ನಮ್ಮವರದು ಉಪಕರಣಗಳ ವಿಭಾಗ. ಬೇರೆಯವರು ಪ್ರಯೋಗ ಮಾಡುತ್ತಾರೆ, ಇವರು ಅದಕ್ಕೆ ಬೇಕಾದ ಯಂತ್ರ ಕಟ್ಟಿಕೊಡುತ್ತಾರೆ. ಆ ವರ್ಷ ಅಲ್ಲಿನದೇ ಒಂದು ಕಾಲೇಜಿನಿಂದ ಪಿಎಚ್.ಡಿ. ಮಾಡುವ ಗುಜರಾತಿ ಹುಡುಗಿಯೊಬ್ಬಳು ಇವರ ವಿಭಾಗಕ್ಕೆ ಬರತೊಡಗಿದಳು. ಮನುಷ್ಯ ಒಂದು ನಿರ್ಧಾರ ಮಾಡುವಾಗ ಮೆದುಳಿನ ಯಾವ ಯಾವ ಭಾಗಗಳು ಒಂದರ ಜೊತೆ ಒಂದು ಮಾತಾಡಿಕೊಳ್ಳುತ್ತವೆ ಎನ್ನುವುದು ಅವಳ ಅಭ್ಯಾಸದ ವಿಷಯ. ತಲೆಗೆ ಪೆಟ್ಟು ಬಿದ್ದವರನ್ನು, ಕಾಯಿಲೆಯವರನ್ನು ಎಲ್ಲರೂ ನೋಡಿಯಾಗಿದೆ, ತನಗೆ ಆರೋಗ್ಯವಾಗಿರುವವರು ಬೇಕು ಎಂದು ಅವಳು ಕೇಳಿದಳಂತೆ. ಗಂಡಸರು ಸುಲಭವಾಗಿ ಸಿಕ್ಕರು. ಹೆಂಗಸರು ಸಿಗಲಿಲ್ಲ. ಆಗ ಕಾಲೊನಿಯ ಗಂಡಂದಿರು ತಮ್ಮ ತಮ್ಮ ಹೆಂಡತಿಯರನ್ನು, ಮಕ್ಕಳನ್ನು ಪೋಲಿಯೋ ಹನಿಗೆ ಕರೆದೊಯ್ದ ಹಾಗೆ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋದರು.

ಶುಕ್ರವಾರ ಹೋದೆ. ತಲೆಗೆ ಎಣ್ಣೆ ಇರಬಾರದು ಎಂದಿದ್ದರು. ಶುಕ್ರವಾರ ಹೇಗೂ ತಲೆಸ್ನಾನ ಮಾಡುತ್ತಿದ್ದೆ, ಅಷ್ಟರ ಮಟ್ಟಿಗೆ ದೇವರು ಅನುಕೂಲ ಮಾಡಿಕೊಟ್ಟ. ಸಂಕ್ರಾಂತಿಯ ಗಾಳಿಪಟದ ದಾರಗಳು ಇನ್ನೂ ಬೇವಿನ ಮರಗಳಿಂದ ಜೋತಾಡುತ್ತಿದ್ದವು. ಕಾಗದದಲ್ಲಿ ‘ಕಾಯಿಲೆ ಏನಾದರೂ ಇದೆಯೇ’ ಎಂಬ ಸಾಲಿತ್ತು. ಒಂದು ವರ್ಷದಿಂದ ನನಗೆ ತಿಂಗಳ ರಕ್ತಸ್ರಾವ ಹೆಚ್ಚಾಗಿತ್ತು. ಅದನ್ನು ಬರೆಯಲೇ ಎಂದು ನಮ್ಮವರ ಕಡೆ ನೋಡಿದೆ. ಅವರಿಗೆ ಬೇಕಾಗಿರೋದು ತಲೆ, ಅದು ಬ್ಯಾಡ ಎಂದರು.

ಹುಡುಗಿ ಒಳ್ಳೆಯವಳು. ತಲೆಗೆ ರಬ್ಬರಿನ ಟೋಪಿ ಹಾಕಿ, ತೂತುಗಳಲ್ಲಿ ತಣ್ಣಗಿನ ಅಂಟು ತುಂಬಿ, ಎಡಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿದಳು. ಇದೆಲ್ಲ ಯಾಕೆ ಎಂದು ಹಿಂದಿಯಲ್ಲಿ ಕೇಳಿದೆ. ಕೇಳಿದ್ದಕ್ಕೆ ಅವಳಿಗೆ ಸಂತೋಷವಾಯಿತು, ಸ್ಟೂಲು ಎಳೆದುಕೊಂಡು ಕೂತಳು. ಮೆದುಳಿನಲ್ಲಿ ಒಬ್ಬ ಸಾಹೇಬ ಕೂತು ಹುಕುಂ ಮಾಡುತ್ತಾನೆ ಎಂದು ಜನ ತಿಳಿದಿದ್ದಾರೆ ಆಂಟಿ, ಹಾಗಲ್ಲ ಎಂದಳು. ಹಣೆಯ ಹಿಂದಿನ ಭಾಗ ತೂಗಿ ನೋಡುತ್ತದೆ. ಒಳಗೆ ಬಾದಾಮಿಯಷ್ಟು ಒಂದು ಭಾಗವಿದೆ, ಅದು ಹಿಂದೆ ಬಿದ್ದ ಪೆಟ್ಟನ್ನು, ಹೆದರಿಕೆಯನ್ನು ನೆನಪಿಟ್ಟಿರುತ್ತದೆ. ಇನ್ನೊಂದು ಭಾಗ ಹೊಟ್ಟೆ ಏನನ್ನುತ್ತದೆ, ಎದೆ ಏನನ್ನುತ್ತದೆ ಎಂದು ಕೇಳಿಸಿಕೊಳ್ಳುತ್ತದೆ. ಎಲ್ಲವೂ ಒಂದಕ್ಕೊಂದು ಸುದ್ದಿ ಕಳಿಸಿ, ಆಮೇಲೆ ಕೈ ಮುಂದೆ ಹೋಗುತ್ತದೆ. ಟೋಪಿಗೆ ಮೇಲಿನ ಗದ್ದಲವಷ್ಟೇ ಕೇಳುತ್ತದೆ, ಒಳಗಿನದನ್ನು ಬೆರಳಿನ ಬೆವರಿನಿಂದ ಊಹಿಸಬೇಕು. ಬೆವರು ಅಳೆಯುವ ಯಂತ್ರ ನಿಮ್ಮ ಸರ್ ಮಾಡಿಕೊಟ್ಟದ್ದೇ ಎಂದಳು. ನನಗೆ ಹೆಮ್ಮೆಯಾಯಿತು. ಬರೆಯಬೇಕಾದ ಮಾತು, ಅದಕ್ಕೇ ಬರೆಯುತ್ತೇನೆ: ಆಗ ಹೆಮ್ಮೆಯಾಗಿತ್ತು.

ಮುಂದೆ ಮೇಜಿನ ಮೇಲೆ ನಾಲ್ಕು ಕಟ್ಟು ಕಾರ್ಡು ಕವುಚಿ ಇಟ್ಟಿದ್ದಳು. ಬೇಕಾದ ಕಟ್ಟಿನಿಂದ ಒಂದು ಎತ್ತುವುದು. ಕೆಲವು ಕಾರ್ಡಿಗೆ ಅಂಕ ಸಿಗುತ್ತದೆ, ಕೆಲವಕ್ಕೆ ಹೋಗುತ್ತದೆ. ಒಟ್ಟು ನೂರು ಸಲ. ಎರಡು ಕಟ್ಟುಗಳಲ್ಲಿ ಮೊದಲು ತುಂಬ ಸಿಕ್ಕು, ಆಮೇಲೆ ಒಮ್ಮೆಲೇ ಕಿತ್ತುಕೊಂಡು ಹೋಗುತ್ತಿತ್ತು. ಉಳಿದೆರಡರಲ್ಲಿ ಸ್ವಲ್ಪ ಸ್ವಲ್ಪವೇ ಬಂದು ನಿಲ್ಲುತ್ತಿತ್ತು. ಅರ್ಧ ತಾಸಿನಲ್ಲಿ ಮುಗಿಯಿತು. ಅಂಟು ಒರೆಸಿಕೊಳ್ಳಲು ಬಿಸಿನೀರಿನಲ್ಲಿ ಅದ್ದಿದ ಟವೆಲ್ಲು ಕೊಟ್ಟಳು, ಚಹಾ ತರಿಸಿದಳು.

ಆಟದ ಫಲಿತಾಂಶವನ್ನು ಅವಳು ನನಗೆ ಹೇಳಲಿಲ್ಲ, ಹೇಳುವ ಹಾಗಿರಲಿಲ್ಲವೇನೋ. ನಮ್ಮವರು ಹೇಳಿದರು. ಅದೂ ಭಾನುವಾರ, ಸಂಸ್ಥೆಯ ಮೂರು ಕನ್ನಡದ ಕುಟುಂಬಗಳು ಊಟಕ್ಕೆ ಬಂದಾಗ, ನಾನು ಎರಡನೆಯ ಸಲ ಹುಳಿ ಬಡಿಸುತ್ತಿದ್ದಾಗ. ನಾಲ್ಕೂ ಕಟ್ಟಿನಿಂದ ನಾನು ಇಪ್ಪತ್ತೈದಿಪ್ಪತ್ತೈದು ಕಾರ್ಡು ಎತ್ತಿದ್ದೆನಂತೆ. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಯಾವ ಕಟ್ಟು ಮೋಸದ್ದು ಎಂದು ಎಲ್ಲರೂ ಮೂವತ್ತು ನಲವತ್ತು ಸಲಕ್ಕೆ ಕಲಿತು ಅದರಿಂದ ದೂರ ಸರಿದಿದ್ದಾರೆ, ಇವಳು ಮಾತ್ರ ನೂರರವರೆಗೂ ಕಲಿಯಲಿಲ್ಲ ಎಂದು ನಕ್ಕರು.

“ನಮ್ಮನಿಯಾಕಿ ತಲಿಯೊಳಗ ತಕ್ಕಡಿನೇ ಇಲ್ಲ,” ಎಂದರು. “ಸರದಿ ಪ್ರಕಾರ ಹಂಚಿಕೋತ ಹೋಗ್ಯಾಳ. ರೇಶನ್ ಅಂಗಡ್ಯಾಗ ಕೂಡ್ರಸಬೇಕು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿಗಾಗಿ ನನ್ನ ಮೇಲೆ ನನಗೆ ಈಗಲೂ ಸಿಟ್ಟಿದೆ.

ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಫಿಫ್ಟಿ-ಫಿಫ್ಟಿ ಆಯಿತು. ಒಳ್ಳೆಯ ಕಟ್ಟಿನಲ್ಲಿ ಐವತ್ತು, ಕೆಟ್ಟ ಕಟ್ಟಿನಲ್ಲಿ ಐವತ್ತು. ಪರದೆಯ ಬಟ್ಟೆ ಯಾವುದು ಎಂದರೆ, ನೀ ಸುಮ್ನಿರು ಫಿಫ್ಟಿ-ಫಿಫ್ಟಿ. ರಜೆಯಲ್ಲಿ ಊರಿಗೆ ಯಾವ ಗಾಡಿ ಎಂದರೆ, ಅದೇ ಮಾತು. ಹನ್ನೆರಡು ವರ್ಷದ ಮಗಳು ಶಾಲೆಯ ಪ್ರವಾಸಕ್ಕೆ ಹೋಗಲೇ, ಬೇಡವೇ ಎಂದು ಕೇಳಿದವಳು, ನಾನು ಬಾಯಿ ತೆರೆಯುವ ಮೊದಲೇ, “ರಹನೇ ದೋ ಮಮ್ಮೀ, ಪಪ್ಪಾಗ ಕೇಳ್ತೇನಿ. ನೀ ಫಿಫ್ಟಿ-ಫಿಫ್ಟಿ,” ಎಂದು ಎದ್ದು ಹೋದಳು. ಮಗುವಿಗೆ ಕೆಟ್ಟ ಬುದ್ಧಿ ಇರಲಿಲ್ಲ. ಮನೆಯಲ್ಲಿ ಕೇಳಿದ್ದನ್ನು ಆಡಿತು. ಕನ್ನಡದಲ್ಲಿ ಅದಕ್ಕೆ ಸರಿಯಾಗಿ ಬರುತ್ತಿದ್ದ ಮಾತುಗಳೇ ಕಡಿಮೆ, ಅವುಗಳ ಜೊತೆಗೆ ಇದೊಂದು ಸೇರಿಕೊಂಡಿತು.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಂಡಿರುತ್ತಿದ್ದೆ. ಗಂಡಸರು ಹೆಂಡತಿಯ ಮೇಲೆ ನಗೆಯಾಡುವುದು ಹೊಸದೇನಲ್ಲ. ಆದರೆ ಅದೇ ತಿಂಗಳು ಬರೋಡಾದಿಂದ ಫೋನು ಬಂತು. ಸ್ಟೇಷನ್ನಿನ ಬೋರ್ಡಿನಲ್ಲಿ ವಡೋದರಾ ಎಂದಿದ್ದರೂ ನಮ್ಮ ಬಾಯಲ್ಲಿ ಅದು ಬರೋಡಾ. ಅಲ್ಲಿ ಭಾವನವರು, ಅಂದರೆ ನಮ್ಮವರ ಅಣ್ಣ, ಬ್ಯಾಂಕಿನಲ್ಲಿದ್ದರು. ರಕ್ತಸ್ರಾವಕ್ಕೆಂದು ತೆಗೆಸಿ ನಮ್ಮವರು ಕಳಿಸಿದ್ದ ನನ್ನ ಸೋನೋಗ್ರಫಿ ಫಿಲ್ಮನ್ನು ಅವರು ತಮ್ಮ ಪರಿಚಯದ ಒಬ್ಬ ಸರ್ಜನ್ನಿಗೆ ತೋರಿಸಿದ್ದರು. ಗರ್ಭಕೋಶದಲ್ಲಿ ಗಡ್ಡೆಯಿದೆ, ತೆಗೆದುಬಿಡೋಣ ಎಂದಿದ್ದರಂತೆ ಸರ್ಜನ್. ನನ್ನನ್ನು ನೋಡಿರಲಿಲ್ಲ, ಫಿಲ್ಮು ನೋಡಿದ್ದರು. ಫೆಬ್ರವರಿಯಲ್ಲಿ ದಿನವೂ ಗೊತ್ತಾಯಿತು.

ನನಗೆ ನಲವತ್ತಮೂರು. ನನ್ನ ನೆಗೆಣ್ಣಿ, ಭಾವನವರ ಹೆಂಡತಿ, ಎರಡು ವರ್ಷದ ಹಿಂದೆ ತೆಗೆಸಿದ್ದರು. ಇನ್ನೇನು ಕೆಲಸ ಅದಕ್ಕ, ತೆಗಸಿಬಿಟ್ರ ಪೀಡಾ ಹೋಗ್ತದ ಎಂದು ಫೋನಿನಲ್ಲಿ ಧೈರ್ಯ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅವರಿಗೆ ಅದು ಸರಿಹೋಗಿತ್ತು. ನನಗೆ ಸರಿಹೋಗುತ್ತದೆಯೇ ಎನ್ನುವುದು ಬೇರೆ ಮಾತು, ಅದನ್ನು ಯಾರಾದರೂ ನನ್ನ ಹೊಟ್ಟೆ ಮುಟ್ಟಿ ಹೇಳಬೇಕಿತ್ತು. ಇನ್ನೊಬ್ಬ ಡಾಕ್ಟರಿಗೆ, ಸಾಧ್ಯವಾದರೆ ಹೆಣ್ಣು ಡಾಕ್ಟರಿಗೆ, ತೋರಿಸೋಣ ಎಂದು ನಮ್ಮವರಿಗೆ ಹೇಳಿದೆ. ಸೂರತ್ತಿನ ಉಧ್ನಾದಲ್ಲಿ ನನ್ನ ದೊಡ್ಡವ್ವನ ಮಗಳು ಅಕ್ಕ ಇದ್ದಳು, ಅವಳ ಯಜಮಾನರು ರೈಲ್ವೆಯಲ್ಲಿ. ಅಲ್ಲಿ ವಯಸ್ಸಾದ ಒಬ್ಬ ಡಾಕ್ಟರಮ್ಮ ಇದ್ದಾರೆಂದು ಅವಳು ಬರೆದಿದ್ದಳು.

ನಮ್ಮವರು ಪತ್ರಿಕೆಯಿಂದ ತಲೆ ಎತ್ತದೆ ಹೇಳಿದರು: “ಇನ್ನೊಬ್ಬರು, ಮತ್ತೊಬ್ಬರು, ನಾಕನೇದವರು. ನಾಕೂ ಕಟ್ಟಿನಾಗ ಒಂದೊಂದು ಎತ್ತಾಕಿ ನೀ. ನಿನಗ ಆರಿಸ್ಲಿಕ್ಕೆ ಬರೂದಿಲ್ಲ ಅಂತ ಯಂತ್ರನೇ ಹೇಳೇದಲ್ಲ.”

ಯಂತ್ರವೇ ಹೇಳಿದೆಯಂತೆ. ನಾನು ಅಡಿಗೆಮನೆಗೆ ಹೋಗಿ ಅಕ್ಕಿ ಆರಿಸಿದೆ. ಕಲ್ಲು ಯಾವುದು ಅಕ್ಕಿ ಯಾವುದು ಎಂದು ಇಪ್ಪತ್ತು ವರ್ಷದಿಂದ ಆ ಮನೆಯಲ್ಲಿ ಆರಿಸುತ್ತಿದ್ದವಳು ನಾನೇ. ಒಮ್ಮೆಯೂ ಅವರ ಹಲ್ಲಿಗೆ ಕಲ್ಲು ಸಿಕ್ಕಿಲ್ಲ.

ಆಪರೇಷನ್ನಿಗೆ ಒಂದು ವಾರವಿರುವಾಗ ಕಾಲೊನಿಯ ಗೇಟಿನ ಹತ್ತಿರ ತರಕಾರಿ ಲಾರಿಯ ಮುಂದೆ ಆ ಹುಡುಗಿ ಸಿಕ್ಕಳು. ಅಲ್ಲಿ ತಳ್ಳುಗಾಡಿಗೆ ಲಾರಿ ಎನ್ನುತ್ತಾರೆ. ನಾನು ಹಸಿ ತೊಗರಿಕಾಯಿ ಆರಿಸುತ್ತಿದ್ದೆ. ನಮಸ್ಕಾರ ಮಾಡಿ, ನಿಮ್ಮನ್ನು ಒಂದು ಮಾತು ಕೇಳಬೇಕೆಂದು ಬಹಳ ದಿನದಿಂದ ಇದೆ ಆಂಟಿ ಎಂದಳು. ನನ್ನ ಆಟದ ಕಾಗದಗಳು ಅವಳ ತಲೆ ತಿಂದಿವೆಯಂತೆ. ಮೋಸದ ಕಟ್ಟಿನ ಕಡೆಗೆ ಕೈ ಚಾಚುವ ಮೊದಲು ಆರೋಗ್ಯವಂತರ ಬೆರಳು ಸಣ್ಣಗೆ ಬೆವರುತ್ತವೆ, ತಲೆಗೆ ಇನ್ನೂ ತಿಳಿಯದಿದ್ದಾಗಲೇ. ನನ್ನ ಬೆರಳು ಎಲ್ಲರಿಗಿಂತ ಮೊದಲೇ, ಹದಿನೈದನೆಯ ಕಾರ್ಡಿನ ಸುಮಾರಿಗೇ ಬೆವರತೊಡಗಿದ್ದವು. ಕೊನೆಯವರೆಗೂ ಬೆವರಿದವು.

“ನಿಮ್ಮ ಬೆರಳಿಗೆ ಗೊತ್ತಿತ್ತು ಆಂಟಿ,” ಎಂದಳು ಹಿಂದಿಯಲ್ಲಿ. “ಗೊತ್ತಿದ್ದೂ ಯಾಕೆ ಅದರಿಂದ ಎತ್ತಿದಿರಿ?”

ನಾನು ತೊಗರಿಕಾಯಿ ಕೆಳಗಿಟ್ಟೆ. ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ನನಗೂ ಆಗಲೇ ಉತ್ತರ ಹೊಳೆದದ್ದು. ನಾಲ್ಕು ಕಟ್ಟು ಸಾಲಾಗಿ ಇಟ್ಟಿದ್ದಿರಲ್ಲ, ನಾಲ್ಕು ಎಲೆ ಹಾಕಿದ ಹಾಗೆ ಎಂದೆ. ನಮ್ಮಲ್ಲಿ ಪಂಕ್ತಿಯಲ್ಲಿ ಬಡಿಸುವವರು ಒಂದು ಎಲೆ ಬಿಟ್ಟು ಇನ್ನೊಂದಕ್ಕೆ ಹೋಗಬಾರದು. ಕೂತವರು ಒಳ್ಳೆಯವರಿರಲಿ, ಕೆಟ್ಟವರಿರಲಿ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಮಾಡಿದರೆ ಪಂಕ್ತಿಭೇದ, ದೊಡ್ಡ ಪಾಪ. ಒಂಬತ್ತು ವರ್ಷದವಳಿದ್ದಾಗ ಒಬ್ಬ ಜಗಳಗಂಟ ಮುದುಕನ ಎಲೆ ತಪ್ಪಿಸಿದೆನೆಂದು ಅವ್ವ ಎಲ್ಲರ ಮುಂದೆ ನನ್ನ ಕೈಯಿಂದ ಸೌಟು ಕಿತ್ತುಕೊಂಡಿದ್ದಳು. ನಿಮ್ಮ ಕಟ್ಟುಗಳಲ್ಲಿ ಎರಡು ಕೆಟ್ಟವು ಎಂದು ನನಗೆ ತಿಳಿದಿತ್ತು ಮಗಾ, ಆದರೆ ಕೈ ಸರದಿಯಲ್ಲೇ ಹೋಯಿತು.

ಇದನ್ನು ನಾನು ಅಂದೇ ಕೇಳಬೇಕಿತ್ತು, ತಪ್ಪು ನನ್ನದು ಎಂದಳು ಹುಡುಗಿ. ಆಮೇಲೆ, ಬೆರಳಿನ ವಿಷಯ ನಿಮಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ, ಆ ಗ್ರಾಫುಗಳನ್ನು ಒಂದೊಂದಾಗಿ ತೆಗೆದುಕೊಟ್ಟವರು ನಿಮ್ಮ ಸರ್ ಅಲ್ಲವೇ ಎಂದಳು.

ತೊಗರಿಕಾಯಿ ಕೊಳ್ಳದೆ ಮನೆಗೆ ಬಂದೆ.

ಸಂಜೆ ನಮ್ಮವರು ಶೂ ಬಿಚ್ಚುವ ಮೊದಲೇ, ಬೆರಳಿನ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸುತ್ತಿ ಬಳಸಲಿಲ್ಲ, ಸುಳ್ಳೂ ಹೇಳಲಿಲ್ಲ, ಅದೊಂದು ಅವರ ಗುಣ. “ಅದು ಟೆಕ್ನಿಕಲ್ ಮಾತು. ನಿನಗ ತಿಳೀತಿರ್ಲಿಲ್ಲ.”

“ಸೋತದ್ದು ತಿಳೀತದ. ಗೊತ್ತಿತ್ತು ಅನ್ನೋದು ತಿಳ್ಯೂದಿಲ್ಲೇನ್ರೀ?”

ಟಿವಿಯ ಸದ್ದು ಹೆಚ್ಚಿಸಿದರು. ಬೈಯುವ ಗಂಡನಿಗಿಂತ ಸದ್ದು ಹೆಚ್ಚಿಸುವ ಗಂಡ ಕೆಟ್ಟವನು ಎಂದು ನನಗೆ ಅಂದು ಅನ್ನಿಸಿತು. ಎರಡು ದಿನದ ಮೇಲೆ ಬರೋಡಾಗೆ ಒಯ್ಯುವ ಫೈಲನ್ನು ಬಟ್ಟೆಗಳ ಜೊತೆ ಇಡುವಾಗ, ಅದರಲ್ಲಿ ಫಿಲ್ಮಿನ ಜೊತೆ ಭಾವನವರು ಕಳಿಸಿದ್ದ ಆಸ್ಪತ್ರೆಯ ಕಾಗದ ನೋಡಿದೆ. ಒಪ್ಪಿಗೆ ಇದೆ ಎನ್ನುವಲ್ಲಿ ಅವರ ಸಹಿ, ದುಂಡಗೆ, ಕೆಳಗೆ ಗೆರೆ ಎಳೆದು. ರೋಗಿ ಎನ್ನುವ ಜಾಗ ಖಾಲಿ. ಕೇಳಿದರೆ, ಗಂಡಂದಿದ್ರ ಸಾಕಂತ ಎಂದರು. ಅಂದು ನಾನು ಚಪಾತಿ ಮಾಡುತ್ತಿದ್ದಾಗ ಬಟ್ಟಲು ಸರಿಸಿದ ಸದ್ದು ಕೇಳಿದ್ದೆ, ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದಾರೆ ಎಂದುಕೊಂಡಿದ್ದೆ.

ಇನ್ನೊಂದು ಮಾತು ಒಪ್ಪಿಕೊಳ್ಳಬೇಕು. ಇಂಥ ಪ್ರಸಂಗದಲ್ಲಿ ನಮ್ಮ ಮನೆಯಲ್ಲಿ ದೇವರಿಗೆ ಹೂ ಏರಿಸಿ ಅಪ್ಪಣೆ ಕೇಳುವ ಪದ್ಧತಿ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಮಗಳ ಶಾಲೆಗೆ ಕೇಳಿದ್ದೆ, ಅಹಮದಾಬಾದಿಗೆ ಬರುವ ಮೊದಲು ಕೇಳಿದ್ದೆ. ಇದಕ್ಕೆ ಕೇಳಲಿಲ್ಲ. ಮೂರು ದಿನ ಸೇವಂತಿಗೆ ಹೂ ಕೈಯಲ್ಲಿ ಹಿಡಿದು ನಿಂತು, ಸುಮ್ಮನೆ ಪಾದಕ್ಕೆ ಇಟ್ಟು ಬಂದೆ. ಬಲಕ್ಕೆ ಬಿದ್ದುಬಿಟ್ಟರೆ ಹೂಂ ಎನ್ನಬೇಕಾಗುತ್ತಿತ್ತಲ್ಲ. ದೇವರಿಗೆ ಇದು ತಿಳಿದಿರಬೇಕು. ಅವನು ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಮಗಳಿಗೆ ಪರೀಕ್ಷೆಯಿತ್ತು. ಅವಳೂ ನಮ್ಮವರೂ ಮರುದಿನ ಸಂಜೆ ಬರುವುದು, ನಾನು ಒಂದು ದಿನ ಮೊದಲೇ ಬೆಳಿಗ್ಗೆಯ ಗಾಡಿಗೆ ಒಬ್ಬಳೇ ಹೋಗುವುದು, ಭಾವನವರು ಪ್ಲಾಟ್‌ಫಾರ್ಮಿಗೆ ಬಂದು ಕರೆದೊಯ್ಯುವುದು ಎಂದಾಯಿತು. ಮುಂಬಯಿ ಕಡೆಗೆ ಹೋಗುವ ಗಾಡಿ. ಕಿಟಕಿಯ ಸೀಟು ಸಿಕ್ಕಿತು, ಎದುರಿಗೆ ಒಬ್ಬ ಅಜ್ಜಿ ಕಾಲು ಮಡಚಿ ಕೂತು ನನಗೆ ಕಾಲಿಡಲು ಜಾಗ ಮಾಡಿದಳು. ಸಣ್ಣ ಉಪಕಾರಗಳನ್ನು ನಾನು ಮರೆಯುವುದಿಲ್ಲ, ದೊಡ್ಡವು ಬಂದದ್ದೇ ಕಡಿಮೆ. ಕಿಟಕಿಯ ಹೊರಗಿನಿಂದ ನಮ್ಮವರು ಹೇಳಿದರು: “ಇಳಿಯೂ ಮುಂದ ಸಾಮಾನು ಎಣಿಸ್ಕೋ. ಅಣ್ಣ ನಿಂತಿರ್ತಾನ. ನೀ ಯೋಚನಿ ಮಾಡೂದೇನಿಲ್ಲ.”

ಯೋಚನೆ ಮಾಡುವುದು ಏನೂ ಇಲ್ಲ. ಆಣಂದ್ ದಾಟುವವರೆಗೂ ಆ ಮಾತೇ ಚಕ್ರದ ಸದ್ದಿನ ಜೊತೆ ಕುಟ್ಟಿತು.

ಬರೋಡಾದಲ್ಲಿ ಗಾಡಿ ನಿಂತಿತು. ಐದು ನಿಮಿಷ ನಿಲ್ಲುತ್ತದೆ. ಕಿಟಕಿಯಿಂದ ಭಾವನವರನ್ನು ಕಂಡೆ. ಬೂದು ಸ್ವೆಟರು, ಕೈಯಲ್ಲಿ ನನಗೆಂದು ಒಂದು ಬಿಸ್ಲೇರಿ ಮಾದರಿಯ ನೀರಿನ ಬಾಟಲಿ. ಪಾಪ, ಹೆಂಗಸರ ಡಬ್ಬಿಯ ಕಡೆ ನೋಡುತ್ತಾ ನನ್ನನ್ನು ದಾಟಿ ಮುಂದೆ ಹೋದರು. ನಾನು ಜನರಲ್ ಡಬ್ಬಿಯಲ್ಲಿದ್ದೆ. ಕರೆಯಬಹುದಿತ್ತು. ಬಾಯಿ ತೆರೆಯಲಿಲ್ಲ. ಬ್ಯಾಗು ತೊಡೆಯ ಮೇಲಿತ್ತು. ಎಡಗೈ ನೋಡಿಕೊಂಡೆ, ಬೆರಳುಗಳು ಒದ್ದೆಯಾಗಿದ್ದವು.

ಆ ಹುಡುಗಿ ಹೇಳಿದ್ದು ನೆನಪಿಗೆ ಬಂತು. ಹಣೆಯ ಹಿಂದೆ ತೂಗುವುದು, ಬಾದಾಮಿಯಷ್ಟರದ್ದು ಹೆದರುವುದು, ಹೊಟ್ಟೆಯ ಮಾತು ಕೇಳುವುದು. ಯಾವುದಾದರೂ ಒಂದು ಎದ್ದು ನಿಂತು ‘ಇಳಿ’ ಎಂದೋ ‘ಇಳಿಯಬೇಡ’ ಎಂದೋ ಹೇಳಲಿ ಎಂದು ಕಾದೆ. ಹೆದರುವುದು ಎರಡೂ ಕಡೆಗೆ ಹೆದರಿತು. ತೂಗುವುದು ಭಾವನವರ ಮರ್ಯಾದೆಯನ್ನು, ನೆಗೆಣ್ಣಿಯ ಮನೆಯ ಅಡಿಗೆಯನ್ನು, ಮಗಳ ಪರೀಕ್ಷೆಯನ್ನು, ಎಲ್ಲವನ್ನೂ ತಟ್ಟೆಗೆ ಹಾಕಿತು. ಅಷ್ಟೂ ತೂಗಿದ ಮೇಲೆ ಗೊತ್ತಾಯಿತು, ಆ ತಟ್ಟೆಯಲ್ಲಿ ನಾನೇ ಇರಲಿಲ್ಲ. ನಾಲ್ಕು ಎಲೆಗೂ ಸರಿಯಾಗಿ ಬಡಿಸಿದವಳಿಗೆ ತಾನು ಉಂಡಿಲ್ಲವೆಂದು ಹೊಟ್ಟೆ ನೆನಪಿಸಿದ ಹಾಗೆ ಆಯಿತು. ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಕಾಲು ಏಳಲಿಲ್ಲ, ಅಷ್ಟೇ. ಗಾಡಿ ಕದಲಿತು. ಭಾವನವರು ಎಂಜಿನ್ನಿನ ಕಡೆ ಓಡುತ್ತಿದ್ದರು, ಇನ್ನೂ ಹೆಂಗಸರ ಡಬ್ಬಿಯಲ್ಲೇ ಹುಡುಕುತ್ತಾ.

ಎದುರಿನ ಅಜ್ಜಿ, ನಿಮ್ಮ ಊರು ಬರೋಡಾ ಅಲ್ಲವೇ ಬೆಹನ್ ಎಂದಳು. ಅಲ್ಲ, ಸೂರತ್ ಎಂದೆ. ಟಿಕೆಟ್ ತನಿಖೆಯವನು ಬಂದಾಗ ನಾನೇ ಮೊದಲು ಹೇಳಿ ಸೂರತ್ತಿನವರೆಗೆ ಟಿಕೆಟ್ ಬರೆಸಿಕೊಂಡೆ. ಅವನು ಬೈಯಲಿಲ್ಲ. ನರ್ಮದೆಯ ಸೇತುವೆ ಬಂದಾಗ ಎಲ್ಲರ ಜೊತೆ ಕೈ ಮುಗಿದೆ, ಏನನ್ನೂ ಬೇಡಲಿಲ್ಲ.

ಸೂರತ್ ಸ್ಟೇಷನ್ನಿನ ಹೊರಗಿನ ಎಸ್‌ಟಿಡಿ ಬೂತಿನಿಂದ ಮೊದಲು ಬರೋಡಾಗೆ ಫೋನು ಮಾಡಿದೆ. ಹಿರಿಯರನ್ನು ಓಡಾಡಿಸಿದ್ದಕ್ಕೆ ನೆಗೆಣ್ಣಿಯ ಹತ್ತಿರ ತಪ್ಪೊಪ್ಪಿಕೊಂಡೆ. ಆಪರೇಷನ್ನಿನ ಬಗ್ಗೆ ತಪ್ಪೊಪ್ಪಿಕೊಳ್ಳಲಿಲ್ಲ. ಆಮೇಲೆ ನಮ್ಮವರ ಆಫೀಸಿಗೆ ಮಾಡಿ, ಉಧ್ನಾದಾಗ ಅಕ್ಕನ ಮನಿಗೆ ಹೊಂಟೇನಿ, ಆರಾಮ ಇದ್ದೇನಿ ಎಂದಷ್ಟೇ ಹೇಳಿ ಇಟ್ಟೆ. ಆಟೋದವನು ಮಗ್ಗಗಳ ಸದ್ದಿನ ನಡುವೆ, ಸೀರೆಯ ಗಂಟುಗಳನ್ನು ಹೇರಿದ ಟೆಂಪೋಗಳ ನಡುವೆ ಉಧ್ನಾಗೆ ಕರೆದೊಯ್ದ. ಅಕ್ಕ ಬಾಗಿಲು ತೆರೆದವಳು ಏನೂ ಕೇಳದೆ ಒಂದು ತಟ್ಟೆ ಪೋಂಕ್ ತಂದಿಟ್ಟಳು. ಹಸಿ ಜೋಳದ ತೆನೆ ಸುಟ್ಟು ಉದುರಿಸಿದ ಕಾಳು, ನಮ್ಮ ಸೀತನಿಯೇ. ಗದಗಿನ ಹೊಲ ಬಾಯಿಗೆ ಬಂತು. ಅಳು ಬಂತು.

ಮರುದಿನ ಬೆಳಿಗ್ಗೆ ಡಾಕ್ಟರಮ್ಮನ ಹತ್ತಿರ ಹೋದೆವು. ಬೆಂಚಿನ ಮೇಲೆ ಮಲಗಿಸಿ ಹೊಟ್ಟೆ ಒತ್ತಿ ನೋಡಿದರು, ರಕ್ತ ಕಡಿಮೆಯಾಗಿದೆಯೇ ಎಂದು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಫಿಲ್ಮು ಬೆಳಕಿಗೆ ಹಿಡಿದರು. ಗಡ್ಡೆ ಬೆಟ್ಟದ ನೆಲ್ಲಿಕಾಯಿಯಷ್ಟಿದೆ. ತೆಗೆಸಿದರೂ ತಪ್ಪಲ್ಲ, ಬಿಟ್ಟರೂ ತಪ್ಪಲ್ಲ. ಬಿಡುವುದಾದರೆ ಮಾತ್ರೆ ತೆಗೆದುಕೊಂಡು ಮೂರು ಮೂರು ತಿಂಗಳಿಗೆ ತೋರಿಸಬೇಕು, ಬೆಳೆದರೆ ತೆಗೆಯಲೇಬೇಕು, ಮುಟ್ಟು ನಿಂತ ಮೇಲೆ ತಾನಾಗಿಯೇ ಕುಗ್ಗುವುದೂ ಉಂಟು. ಇಷ್ಟು ಹೇಳಿ ಪೆನ್ನು ಮುಚ್ಚಿ ನನ್ನನ್ನು ನೋಡಿದರು.

“ತಮಾರೇ ಶುಂ ಕರವುಂ ಛೇ?”

ನಿಮಗೆ ಏನು ಮಾಡಬೇಕೆಂದಿದೆ ಎಂದು ಕೇಳಿದ್ದು. ಅಷ್ಟು ಗುಜರಾತಿ ನನಗೆ ಬರುತ್ತಿತ್ತು. ಆದರೂ ಅಕ್ಕನ ಮುಖ ನೋಡಿದೆ. ಅಕ್ಕ ಬೇಕೆಂದೇ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದಳು. ಬಿಡುತ್ತೇನೆ, ಮಾತ್ರೆ ಬರೆದುಕೊಡಿ ಎಂದೆ. ಡಾಕ್ಟರಮ್ಮ ಬರೆದುಕೊಟ್ಟರು. ಒಂದು ನಿಮಿಷದ ಕೆಲಸ. ಈ ಒಂದು ನಿಮಿಷಕ್ಕಾಗಿ ನಾನು ಕಳ್ಳಿಯ ಹಾಗೆ ರೈಲಿನಲ್ಲಿ ಬರಬೇಕಾಯಿತಲ್ಲ ಎಂದು ಮೆಟ್ಟಿಲಿಳಿಯುವಾಗ ಮೈಯೆಲ್ಲ ಉರಿಯಿತು.

ಮಧ್ಯಾಹ್ನಕ್ಕೆ ನಮ್ಮವರು ಬಂದರು, ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು. ಅಕ್ಕನ ಮುಂದೆ ಏನೂ ಅನ್ನಲಿಲ್ಲ, ಊಟ ಮಾಡಿದರು, ಚಟ್ನಿ ಚಲೋ ಅದ ಎಂದರು. ಅಕ್ಕ ಪಾತ್ರೆ ತೊಳೆಯಲು ಎದ್ದ ಮೇಲೆ ಹಲ್ಲು ಕಚ್ಚಿ ಕೇಳಿದರು: “ಅಣ್ಣನ ಮುಂದ ನನ್ನ ಮಾರಿ ಏನಾತು? ಒಂದು ತಾಸು ಹುಡುಕ್ಯಾನ. ಒಂದು ಕಾರ್ಡು ಆರಿಸ್ಲಿಕ್ಕೆ ಬಾರದಾಕಿ, ಇದನ್ನ ಹೆಂಗ ಆರಿಸಿದಿ?”

“ಕಾರ್ಡು ನಾ ಆರಿಸ್ಲಿಲ್ಲ. ಬಡಿಸಿದೆ,” ಎಂದೆ. “ನಿಮಗ ಗೊತ್ತಿತ್ತು. ಗ್ರಾಫ್ ನಿಮ್ಮ ಕೈಯಾಗೇ ಇತ್ತು. ನನ್ನ ಬೆರಳು ಖರೇ ಹೇಳಿದ್ದು ನೀವು ನೋಡಿ, ಮಡಚಿ ಇಟ್ಟು, ಮಂದಿ ಮುಂದ ನಕ್ಕಿರಿ. ಹೊಟ್ಟಿ ನಂದು. ಅದರ ಮ್ಯಾಲೆ ಸಹಿ ಹೆಂಗ ಮಾಡಿದ್ರಿ?”

ದನಿ ಏರಿಸಿರಲಿಲ್ಲ. ಅಡಿಗೆಮನೆಯಲ್ಲಿ ಅಕ್ಕನ ನಲ್ಲಿ ನಿಂತಿತು. ನನ್ನ ಒಳ್ಳೆಯದಕ್ಕೇ ಮಾಡುತ್ತಿದ್ದೇನೆ ಎಂದು ಅವರು ನಂಬಿದ್ದರು ಎನ್ನುವುದು ನನಗೆ ಗೊತ್ತು. ಅದರಿಂದ ನನ್ನ ಸಿಟ್ಟು ಒಂದು ಚಮಚೆಯಷ್ಟೂ ಕಡಿಮೆಯಾಗಲಿಲ್ಲ. ಆಪರೇಷನ್ನು ಬೇಕಾಗಿ ಬಂದಿದ್ದರೆ ನಾನೇ ಹೋಗಿ ಮಲಗುತ್ತಿದ್ದೆ. ಮೂರು ತಿಂಗಳಿಗೊಮ್ಮೆ ಉಧ್ನಾಗೆ ಹೋದೆ, ಒಬ್ಬಳೇ. ಗಡ್ಡೆ ಬೆಳೆಯಲಿಲ್ಲ. ಏಳು ವರ್ಷದ ಮೇಲೆ ಮುಟ್ಟು ತಾನಾಗಿ ನಿಂತಿತು. ಅದು ದೇವರ ದೊಡ್ಡ ದಯೆ. ಆದರೆ ಬೆಳೆದಿದ್ದರೂ ನಾನು ಅಂದು ಕೇಳಿದ್ದು ತಪ್ಪಾಗುತ್ತಿರಲಿಲ್ಲ, ಇದನ್ನು ಒತ್ತಿ ಹೇಳಬೇಕೆಂದೇ ಇಷ್ಟು ಬರೆದೆ.

ಆ ಸಂಜೆಯೇ ಹಿಂದಿರುಗುವ ಗಾಡಿ ಹತ್ತಿದೆವು. ನಮ್ಮವರು ಭಾವನವರಿಗೆ ಫೋನು ಮಾಡಿದ್ದರಂತೆ, ಬರೋಡಾದ ಪ್ಲಾಟ್‌ಫಾರ್ಮಿಗೆ ಬಂದಿರುತ್ತಾರೆ, ನೀ ಇಳಿದು ಎರಡು ಮಾತು ಹೇಳು ಎಂದರು. ಫೋನಿನಲ್ಲಿ ನನ್ನ ಮಾತು ಹೇಳಿಯಾಗಿದೆ, ಉಳಿದದ್ದು ನಿಮ್ಮದು ಎಂದೆ. ಬರೋಡಾ ಬಂತು. ಅವರು ಕಾಲರು ಸರಿಮಾಡಿಕೊಂಡರು, ಇಳಿದರು. ಅಣ್ಣ ತಮ್ಮ ಚಹಾದ ಗಾಡಿಯ ಪಕ್ಕದಲ್ಲಿ ನಿಂತು ಮಾತಾಡುವುದು ಕಾಣುತ್ತಿತ್ತು. ಮಾತಾಡಿದ್ದು ಹೆಚ್ಚಾಗಿ ಅಣ್ಣ. ನಮ್ಮವರು ನೆಲ ನೋಡುತ್ತಾ ಒಂದೆರಡು ಸಲ ಕೈ ಆಡಿಸಿದರು. ಸೀಟಿ ಊದಿದ ಮೇಲೆ ಓಡಿ ಬಂದು ಹತ್ತಿ, ಏದುಸಿರು ಬಿಡುತ್ತಾ ನನ್ನ ಎದುರು ಕೂತರು. ಭಾವನವರು ಏನಂದರು ಎಂದು ನಾನು ಕೇಳಲಿಲ್ಲ.